ಉತ್ತರ ಗೊತ್ತಿಲ್ಲದ ಅಪ್ಪ

ದ್ವಿತೀಯ ಪಿಯುಸಿ ಮುಗಿಯುತ್ತಾ ಬಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ: ಮುಂದೇನು? ಸಂತೆಮರಹಳ್ಳಿ ಸುತ್ತಮುತ್ತ ರೇಷ್ಮೆಗೂಡು ಬೇಯಿಸಿ, ನೂಲು ತೆಗೆದು ಮಕ್ಕಳನ್ನು ಓದಿಸಿದ ಎಷ್ಟೋ ಅಬ್ಬಂದಿರ ಉತ್ತರವೂ ಒಂದೇ: "ನಂಗೇನಪ್ಪ ಗೊತ್ತು, ಓದ್ದೋನು ನೀನು." ಇದನ್ನು ಕೇಳಿ ಬೇಸರ ಮಾಡಿಕೊಳ್ಳುವ ಗೆಳೆಯರಿಗೆ ಎರಡು ಸಿನಿಮಾಗಳ ವಿಷಯ ಹೇಳಬೇಕು.

ಒಂದು ಸೋವಿಯತ್ ಕಾಲದ್ದು, ಮಾರ್ಲೆನ್ ಖುತ್ಸಿಯೆವ್ ನಿರ್ದೇಶಿಸಿದ 'ನನಗೆ ಇಪ್ಪತ್ತು ವರ್ಷ'. ಮೂವರು ಗೆಳೆಯರು ರಾತ್ರಿ ಹೊತ್ತು ಮಾಸ್ಕೋ ಬೀದಿಗಳಲ್ಲಿ ಅಲೆಯುತ್ತಾರೆ, ಹರಟುತ್ತಾರೆ. ಕಥೆ ಎಂದು ಹೆಚ್ಚೇನಿಲ್ಲ, ತುಂಬ ನಿಧಾನ. ಆದರೆ ಒಂದು ದೃಶ್ಯ ಮರೆಯಲಾಗದು. ಯುದ್ಧದಲ್ಲಿ ಸತ್ತ ಅಪ್ಪ ಸೈನಿಕನ ಉಡುಪಿನಲ್ಲೇ ಮಗ ಸೆರ್ಗೈ ಎದುರು ಬರುತ್ತಾನೆ. ನಾನು ಹೇಗೆ ಬದುಕಲಿ ಎಂದು ಮಗ ಕೇಳಿದರೆ, ನಿನಗೆಷ್ಟು ವಯಸ್ಸು ಎನ್ನುತ್ತಾನೆ. ಮಗನಿಗೆ 23. ಅಪ್ಪ ಸತ್ತಿದ್ದು 21ಕ್ಕೆ! ನಿನಗಿಂತ ಚಿಕ್ಕವನು ನಾನೇನು ಬುದ್ಧಿ ಹೇಳಲಿ ಎಂದು ಹೊರಟುಹೋಗುತ್ತಾನೆ.

1963ರ ಮಾರ್ಚ್‌ನಲ್ಲಿ ದೇಶದ ನಾಯಕ ಕ್ರುಶ್ಚೇವ್ ಈ ದೃಶ್ಯದ ಮೇಲೆ ಸಿಟ್ಟಾದರು. ಪ್ರಾಣಿಗಳೂ ಮರಿಗಳನ್ನು ಕೈಬಿಡುವುದಿಲ್ಲ ಎಂಬುದು ಅವರ ವಾದ. ಕತ್ತರಿ ಹಾಕಿ, ಹೆಸರು ಬದಲಿಸಿದ ಮೇಲೆ 1965ರಲ್ಲಿ ಚಿತ್ರ ತೆರೆಕಂಡಿತು.

ಇನ್ನೊಂದು ನಮ್ಮದೇ, ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985). ಇಲ್ಲೂ ರಾತ್ರಿ, ಇಲ್ಲೂ ಗೆಳೆಯರು, ಊರು ಬೆಂಗಳೂರು. ಇವರು ನಡೆಯುವುದಿಲ್ಲ, ನಶೆಯಲ್ಲಿ ಕಾರು ಓಡಿಸುತ್ತಾರೆ. ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಯುತ್ತದೆ. (ಕೂಲಿ ಹುಡುಕಿ ಬೆಂಗಳೂರು ಬಸ್ಸು ಹತ್ತುವ ನಮ್ಮ ಜಿಲ್ಲೆಯವರು ಈ ದೃಶ್ಯವನ್ನು ಸುಮ್ಮನೆ ನೋಡಲಾರರು.) ಕಾರಿನಲ್ಲಿದ್ದ ದೀಪಕ್‌ನ ಅಪ್ಪ ಧರ್ಮಾಧಿಕಾರಿ ರಾಜಕಾರಣಿ, ಪಾತ್ರ ಅನಂತ್ ನಾಗ್ ಅವರದು. ಈ ಅಪ್ಪನಿಗೆ ಎಲ್ಲಕ್ಕೂ ಉತ್ತರ ಗೊತ್ತು. ಯಾರನ್ನು ಹಿಡಿಯಬೇಕು, ಯಾರ ಬಾಯಿ ಮುಚ್ಚಿಸಬೇಕು, ಎಲ್ಲವೂ. ಕ್ರುಶ್ಚೇವ್ ಹೇಳಿದಂತೆ ಮರಿಯನ್ನು ಕೈಬಿಡದ ಅಪ್ಪ ಇವನೇ ಅಲ್ಲವೇ?

ನನಗಂತೂ ಆ ಸೈನಿಕನೇ ಒಳ್ಳೆಯ ಅಪ್ಪ. ಗೊತ್ತಿಲ್ಲ ಎಂದವನು ಸುಳ್ಳು ಹೇಳಲಿಲ್ಲ, ಮಗನನ್ನು ನಂಬಿದ. ಹಾಗೆಂದು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರೆ ಸಾಕು ಎಂದಲ್ಲ. ಯಾವ ಕೋರ್ಸು, ಯಾವ ಸ್ಕಾಲರ್‌ಶಿಪ್, ಅರ್ಜಿಗೆ ಕೊನೆಯ ದಿನ ಯಾವುದು ಎಂಬುದನ್ನು ಹೇಳಬೇಕಾದವರು ನಮ್ಮ ಉಪನ್ಯಾಸಕರು, ಅಬ್ಬಂದಿರಲ್ಲ.

ಕಾಲೇಜಿನಲ್ಲಿ ಸಿನಿಮಾ ಯಾಕೆ ಎನ್ನುವ ಹಿರಿಯರೂ ಇದ್ದಾರೆ. 'ಆಕ್ಸಿಡೆಂಟ್' ಒಂದನ್ನಾದರೂ ಪೋಷಕರ ಸಭೆಯ ದಿನ ತೋರಿಸಿ. ಅವರನ್ನೂ ಪಕ್ಕದಲ್ಲೇ ಕೂರಿಸಿಕೊಂಡು ನೋಡೋಣ.