ಗವಾಯಿಗೆ ಶಾಲು ಸಾಕೇನ್ರಿ? ಜೋಡಿಗೆ ಒಂದು ರಸೀದಿಯೂ ಕೊಡ್ರಿ

ಯಾದಗಿರಿ: ಶ್ರಾವಣ ಬಂತಂದ್ರ ಜಿಲ್ಲೆಯ ಹಳ್ಳಿಹಳ್ಳಿ ಮಠ, ಗುಡಿಗಳಲ್ಲಿ ಸಂಜೆ ಪುರಾಣ ಶುರುವಾಗುತ್ತದೆ. ಪುರಾಣ ಹೇಳುವ ಶಾಸ್ತ್ರಿಗಳು ಒಬ್ಬರು, ಹಾರ್ಮೋನಿಯಂ ಹಿಡಿದು ಹಾಡುವ ಗವಾಯಿ ಒಬ್ಬರು, ತಬಲಾ ಬಾರಿಸುವವರು ಒಬ್ಬರು. ತಿಂಗಳು ಪೂರ್ತಿ ಈ ಮೂವರೇ ಊರಿನ ಸಂಜೆಯನ್ನು ನಡೆಸುತ್ತಾರೆ. ಕೊನೆಯ ದಿನ ಪಲ್ಲಕ್ಕಿ, ಮೆರವಣಿಗೆ, ಮಹಾಪ್ರಸಾದ. ವೇದಿಕೆ ಮೇಲೆ ಗವಾಯಿಗೆ ಶಾಲು, ಹಾರ, ಒಂದು ಲಕೋಟೆ. ಮರುದಿನ ಮುಂಜಾನೆ ಅದೇ ಗವಾಯಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಬಸ್ ಕಾಯುತ್ತಿರುತ್ತಾರೆ. ತಿಂಗಳು ದುಡಿದದ್ದಕ್ಕೆ ಕೈಯಾಗ ರೊಕ್ಕ ಅದ, ಕಾಗದ ಇಲ್ಲ.

ಇದು ಸಣ್ಣ ಮಾತು ಅನಿಸಬಹುದು. ಆದರೆ ಕಲಾವಿದರಿಗಾಗಿ ಸರ್ಕಾರ ಮಾಡಿರುವ ಯೋಜನೆಗಳು ನಮ್ಮ ಯಾದಗಿರಿ, ಶಹಾಪುರ, ಸುರಪುರದ ಗವಾಯಿಗಳ ಮನೆಬಾಗಿಲಿಗೆ ಬಂದು ನಿಲ್ಲುವುದು ಇದೇ ಕಾಗದದ ಹತ್ತಿರ.

ವರ್ಷದಲ್ಲಿ ದುಡಿಮೆ ಎಷ್ಟು ತಿಂಗಳು?

ಈ ಭಾಗದ ಹಾಡುಗಾರರ ವರ್ಷ ಪಂಚಾಂಗದ ಮೇಲೆ ನಡೆಯುತ್ತದೆ. ಶ್ರಾವಣಕ್ಕೆ ಪುರಾಣ, ನವರಾತ್ರಿಗೆ ದೇವಿ ಪುರಾಣ, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆ, ಆಮೇಲೆ ತಿಂಥಣಿ ಮೌನೇಶ್ವರ ಜಾತ್ರೆ. ಬ್ಯಾಸಗಿಯಲ್ಲಿ ಮದುವೆ, ಊರ ಜಾತ್ರೆ. ನಡುವೆ ಅಮಾವಾಸ್ಯೆ, ಹುಣ್ಣಿಮೆಗೆ ಭಜನೆ, ಮೊಹರಂಗೆ ರಿವಾಯತ್ ಪದ. ಆಷಾಢ ಬಂತಂದ್ರ ಮದುವೆ ಬಂದ್, ಗವಾಯಿಗಳ ಫೋನೂ ಬಂದ್.

ಪಂಚಾಂಗದ ಜೊತೆಗೆ ಇನ್ನೊಂದು ಲೆಕ್ಕ ಅದ, ಅದು ಹೊಲದ್ದು. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಸರಿಯಾಗಿ ಬಂದು ಭತ್ತ, ಹತ್ತಿ, ಮೆಣಸಿನಕಾಯಿ ಕೈಗೆ ಹತ್ತಿದ ವರ್ಷ ಜಾತ್ರೆ ಪಟ್ಟಿ ದಪ್ಪಗಾಗುತ್ತದೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಊರಿನ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದು ಹಾಡಿಗೆ. ರಥ ಎಳೆಯುವುದನ್ನಾಗಲಿ, ಪ್ರಸಾದವನ್ನಾಗಲಿ ಯಾರೂ ನಿಲ್ಲಿಸುವುದಿಲ್ಲ. ಗವಾಯಿಗೆ ಮಾತ್ರ "ಮುಂದಿನ ವರ್ಷ ನೋಡೋಣ್ರಿ" ಅನ್ನುವುದು ಸುಲಭ.

ಇವರಲ್ಲಿ ಬಹಳ ಮಂದಿಯ ಕಲಿಕೆ ಸಣ್ಣದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದರು. ಉತ್ತರ ಕರ್ನಾಟಕದ ಪುರಾಣದ ವೇದಿಕೆಗಳಲ್ಲಿ ಇವತ್ತಿಗೂ ಆ ಪರಂಪರೆಯವರ ದನಿ ಕೇಳುತ್ತದೆ. ಗುರುವಿಲ್ಲದೆ ಅಪ್ಪ, ಅಜ್ಜನ ಬಾಯಿಂದಲೇ ತತ್ವಪದ ಕಲಿತವರೂ ಇದ್ದಾರೆ. ಕಡಕೋಳ ಮಡಿವಾಳಪ್ಪನವರ ಪದಗಳು ಸಗರನಾಡಿನ ಭಜನಾ ಮಂಡಳಿಗಳಲ್ಲಿ ಉಳಿದದ್ದು ಇಂಥವರಿಂದ.

ದಾರಿ ಖರ್ಚು ಯಾರದು?

ಜಿಲ್ಲಾ ಕೇಂದ್ರಕ್ಕೆ ರೈಲು ಅದ. ಶಹಾಪುರ, ಸುರಪುರಕ್ಕೆ ಬಸ್ಸೇ ಗತಿ. ರಾತ್ರಿ 11ಕ್ಕೆ ಕಾರ್ಯಕ್ರಮ ಮುಗಿದರೆ ಹಳ್ಳಿಯಿಂದ ಬಸ್ ಇರುವುದಿಲ್ಲ. ಗುಡಿಯ ಕಟ್ಟೆ ಮೇಲೆ ಮಲಗಬೇಕು, ಇಲ್ಲಾಂದ್ರ ಬಾಡಿಗೆ ಗಾಡಿ ಹಿಡಿಯಬೇಕು.

ಒಂದು ಉದಾಹರಣೆ ಹಿಡಿಯೋಣ. ಒಂದು ರಾತ್ರಿಗೆ ಮೂವರಿಗೆ 3,000 ರೂಪಾಯಿ ಮಾತಾಯಿತು. ಯಾದಗಿರಿಯಿಂದ ಸುರಪುರದ ಕಡೆಯ ಹಳ್ಳಿಗೆ ಹೋಗಿ ಬರಲು ಗಾಡಿಗೆ 1,200 ಹೋಯಿತು ಅಂದರೆ ಉಳಿದದ್ದು 1,800. ತಲೆಗೆ 600. ಇದರಲ್ಲೇ ತಬಲಾಕ್ಕೆ ಚರ್ಮ ಹಾಕಿಸಬೇಕು, ಪೆಟ್ಟಿಗೆಯ ಸ್ವರ ಕೂಡಿಸಬೇಕು, ಮರುದಿನದ ಕೂಲಿ ತಪ್ಪಿದ್ದನ್ನೂ ತುಂಬಿಸಬೇಕು. 3,000 ಅಂದಾಗ ಊರಿನವರಿಗೆ ದೊಡ್ಡ ಮೊತ್ತ ಕಾಣುತ್ತದೆ. 600 ಅಂದಾಗ ಯಾರಿಗೂ ಕಾಣುವುದಿಲ್ಲ. ದಾರಿ ಖರ್ಚನ್ನು ಬ್ಯಾರೆ ಮಾತಾಡಿ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಡಿಜೆಗೆ ಅಡ್ವಾನ್ಸ್, ಹಾಡಿಗೆ ಕಾಣಿಕೆ

ಗವಾಯಿಗಳ ಪೆಟ್ಟಿಗೆಗೆ ಈಗ ಡಿಜೆ ಪೈಪೋಟಿ ಅನ್ನುವ ಮಾತು ಎಲ್ಲರೂ ಆಡುತ್ತಾರೆ. ಅದು ಪೂರ್ತಿ ಖರೆ ಅಲ್ಲ. ಮೆರವಣಿಗೆಯಲ್ಲಿ ಹಲಗಿ, ಶಹನಾಯಿ, ಬ್ಯಾಂಡಿನವರ ಜಾಗಕ್ಕೆ ಡಿಜೆ ಬಂದದ್ದು ಹೌದು. ಪುರಾಣ, ಭಜನೆಯ ಜಾಗಕ್ಕೆ ಬಂದಿಲ್ಲ, ಬರುವುದೂ ಕಷ್ಟ. ನಿಜವಾದ ಫರಕು ವ್ಯವಹಾರದಲ್ಲಿದೆ. ಡಿಜೆಯವರು ರೇಟು ಹೇಳುತ್ತಾರೆ, ಅಡ್ವಾನ್ಸ್ ತಗೊಳ್ತಾರೆ, ದಿನ ತಪ್ಪಿದರೆ ಅಡ್ವಾನ್ಸ್ ವಾಪಸ್ ಇಲ್ಲ ಅನ್ನುತ್ತಾರೆ. ಪೆಂಡಾಲಿನವರೂ ಹಾಗೇ. ಗವಾಯಿ ಮಾತ್ರ "ನಿಮ್ಮ ಮನಸಿಗೆ ಬಂದಷ್ಟು ಕೊಡ್ರಿ" ಅನ್ನುತ್ತಾರೆ, ಕಮಿಟಿ ಅಷ್ಟೇ ಕೊಡುತ್ತದೆ. ದೇವರ ಕೆಲಸಕ್ಕೆ ರೇಟು ಹೇಳಬಾರದು ಅನ್ನುವ ಸಂಕೋಚ ಗವಾಯಿಯದು. ಅದರ ಲಾಭ ಬೇರೆಯವರಿಗೆ.

ಹೊತ್ತಿನ ವಿಷಯವೂ ಅದ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ನಿಯಮ ಒಳ್ಳೆಯದೇ. ಆದರೆ ಸತ್ಕಾರ, ಭಾಷಣ ಮುಗಿಯುವುದರೊಳಗೆ 9.30 ಆಗಿ, ತಿಂಗಳು ಮೊದಲೇ ಕರೆಸಿದ ಹಾಡುಗಾರರಿಗೆ ಉಳಿಯುವುದು ಅರ್ಧ ತಾಸು. ಹಾಡು ಮೊದಲು, ಸತ್ಕಾರ ಆಮೇಲೆ ಅಂತ ಕಮಿಟಿಗಳು ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ.

ಕಾಯ್ದೆ ಬಂದದ, ಕಾಗದ ಎಲ್ಲಿ?

2024ರ ಜುಲೈನಲ್ಲಿ ವಿಧಾನಮಂಡಲ ಕರ್ನಾಟಕ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ (ಕಲ್ಯಾಣ) ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ, ಆ ಹಣದಿಂದ ಕಲ್ಯಾಣ ನಿಧಿ ಮಾಡುವುದು ಇದರ ಉದ್ದೇಶ. ಹೆಸರಿನಲ್ಲಿ ಸಿನಿಮಾ ಮುಂದಿದ್ದರೂ ಹಾಡುಗಾರರು, ವಾದ್ಯಗಾರರು ಕೂಡ ಇದರ ವ್ಯಾಪ್ತಿಗೆ ಬರುತ್ತಾರೆ. ಅಂದರೆ ಬೆಂಗಳೂರಿನ ಸ್ಟುಡಿಯೋದ ಕೀಬೋರ್ಡ್‌ನವರಿಗೆ ಇರುವ ಬಾಗಿಲು ಕೆಂಭಾವಿಯ ತಬಲಾದವರಿಗೂ ಇರಬೇಕು.

ಫರಕು ಬೀಳುವುದು ದಾಖಲೆಯಲ್ಲಿ. ಸ್ಟುಡಿಯೋದವರ ಹತ್ತಿರ ಒಪ್ಪಂದ, ಬ್ಯಾಂಕ್ ಲೆಕ್ಕ ಇರುತ್ತದೆ. ಪುರಾಣದ ಗವಾಯಿ ಹತ್ತಿರ ಇರುವುದು ಮಡಚಿಟ್ಟ ಶಾಲುಗಳು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನದ್ದೂ ಇದೇ ಕಥೆ. 58 ವರ್ಷ ತುಂಬಿದ ಕಲಾವಿದರು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಆದರೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ಪುರಾವೆ ಬೇಕು. ಮೂವತ್ತು ವರ್ಷ ಹಾಡಿದವರು ಆವಾಗ ಹಳೇ ಕರಪತ್ರ, ಫೋಟೊ ಹುಡುಕುತ್ತಾ ಊರೂರು ತಿರುಗಬೇಕಾಗುತ್ತದೆ. ಅಷ್ಟೊತ್ತಿಗೆ ಅಂದಿನ ಕಮಿಟಿಯ ಹಿರಿಯರೇ ಇರುವುದಿಲ್ಲ.

ಯೂಟ್ಯೂಬ್ ಬಂದ ಮೇಲೆ ಹೊಸ ಹುಡುಗರು ತಾವೇ ಪದ ಕಟ್ಟಿ, ರೆಕಾರ್ಡ್ ಮಾಡಿ ಹಾಕುತ್ತಿದ್ದಾರೆ. ಅದೂ ಒಂದು ದಾಖಲೆ. ಹಾಡು ಕಟ್ಟಿದವರ, ಹಾಡಿದವರ, ಬಾರಿಸಿದವರ ಹೆಸರು ವಿಡಿಯೊ ಕೆಳಗೆ ಬರೆಯುವುದು, ಚಾನೆಲ್ ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳುವುದು ಮುಖ್ಯ. ಬೇರೆಯವರ ಚಾನೆಲ್‌ಗೆ ಬಾಯಿಮಾತಿನಲ್ಲಿ ಕೊಟ್ಟ ಹಾಡಿನ ರೊಕ್ಕ ಆಮೇಲೆ ಕೇಳಲು ಬರುವುದಿಲ್ಲ.

ಬಜಾರಿನವರು ಏನು ಮಾಡಬಹುದು?

ಜಾತ್ರೆ, ಪುರಾಣದ ಪಟ್ಟಿ ಹೆಚ್ಚಾಗಿ ತುಂಬುವುದು ಅಂಗಡಿಕಾರರೇ. ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಯವರಿಗೆ ರಸೀದಿ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಪಟ್ಟಿ ಕೊಟ್ಟಾಗ ತಾವು ರಸೀದಿ ಕೇಳುತ್ತಾರೆ. ಅದೇ ಪಟ್ಟಿಯ ರೊಕ್ಕ ಗವಾಯಿಗೆ ಹೋಗುವಾಗಲೂ ಒಂದು ಚೀಟಿ ಇರಲಿ ಅಂತ ಅವರೇ ಕಮಿಟಿಗೆ ಹೇಳಬಹುದು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮಠ ಅಥವಾ ಕಮಿಟಿಯ ಲೆಟರ್‌ಹೆಡ್ ಮೇಲೆ ಕಲಾವಿದರ ಹೆಸರು, ಯಾವ ವಾದ್ಯ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಸಂಭಾವನೆ ಅಂತ ನಾಲ್ಕು ಸಾಲು ಬರೆದು ಸಹಿ, ಮುದ್ರೆ ಹಾಕುವುದು. ಲಕೋಟೆ ಬದಲು ಫೋನ್‌ಪೇ ಅಥವಾ ಬ್ಯಾಂಕ್ ಖಾತೆಗೆ ಹಾಕಿದರೆ ಇನ್ನೂ ಗಟ್ಟಿ. ಕರಪತ್ರದಲ್ಲಿ ದಾನಿಗಳ ಹೆಸರಿನ ಜೊತೆ ತಬಲಾದವರ ಹೆಸರೂ ಅಚ್ಚಾಗಲಿ.

ಕಲಾವಿದರ ಪಾಲಿನ ಕೆಲಸವೂ ಅದ. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ಪುಕ್ಕಟೆ ಹೆಸರು ಹಚ್ಚಬಹುದು. ರಾತ್ರಿ ಪ್ರಯಾಣವೇ ಬದುಕಾದವರಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬ್ಯಾಂಕಿನಲ್ಲೇ ಸಿಗುತ್ತದೆ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಸಿಕ್ಕ ಪ್ರತಿ ಚೀಟಿ, ಕರಪತ್ರವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಇಟ್ಟುಕೊಂಡರೆ ಸಾಕು, ಹತ್ತು ವರ್ಷದ ಮೇಲೆ ಅದೇ ಕೈ ಹಿಡಿಯುತ್ತದೆ.

ಶಾಲು ಹೊದಿಸುವುದನ್ನು ಬಿಡ್ರಿ ಅಂತಲ್ಲ. ಅದು ಊರಿನ ಗೌರವ, ಇರಲಿ. ಈ ಸಲ ಪುರಾಣ ಮಂಗಲವಾಗುವ ದಿನ ಆ ಶಾಲಿನ ಜೋಡಿ ಸಹಿ ಹಾಕಿದ ಒಂದು ಹಾಳೆಯೂ ಗವಾಯಿಯ ಪೆಟ್ಟಿಗೆ ಸೇರಲಿ.