ಉದ್ರಿ ಕೊಡುವ ಮುನ್ನ ಕಂಪೆನಿಯ ಗಂಟು ಬಿಚ್ಚಿ ನೋಡಿ

ಹ್ಯಾಂಡ್‌ಪೋಸ್ಟ್ ಎಂದರೆ ಅಚ್ಚಗನ್ನಡದಲ್ಲಿ ಕೈಮರ. ಯಾವ ದಾರಿ ಯಾವ ಊರಿಗೆ ಎಂದು ಕೈ ಮಾಡಿ ತೋರಿಸುವ ಮರ. ಆ ಹೆಸರಿನ ಊರಲ್ಲೇ ನಮ್ಮ ವರ್ತಕರು ದಾರಿ ತಪ್ಪಿ ಹಳ್ಳಕ್ಕೆ ಬೀಳುತ್ತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನನಗೆ ಪರಿಚಯದ ಒಬ್ಬ ಸಣ್ಣ ವರ್ತಕರು ಹೊರಗಿನಿಂದ ಬಂದ ಒಂದು ಕಂಪೆನಿಗೆ ಶುಂಠಿ ತುಂಬಿ ಕಳಿಸಿದರು. ಮೊದಲೆರಡು ಲೋಡಿಗೆ ರೊಕ್ಕ ಕೈಗೆ ಬಂತು. ಮೂರನೆಯದಕ್ಕೆ "ಮುಂದಿನ ವಾರ" ಎಂಬ ಮಾತು ಬಂತು. ನಾಲ್ಕನೆಯದಕ್ಕೆ ಚೆಕ್ಕು ಬಂತು, ಬಂದ ಚೆಕ್ಕು ಬ್ಯಾಂಕಿನಿಂದ ಹಾಗೆಯೇ ವಾಪಸಾಯಿತು. ಐದನೆಯದಕ್ಕೆ ಕಂಪೆನಿಯ ಬೋರ್ಡೇ ಇರಲಿಲ್ಲ. ರೈತರಿಗೆ ಕೊಡಬೇಕಾದ ಹಣಕ್ಕೆ ಅವರು ಮನೆಯಾಕೆಯ ಒಡವೆ ಅಡವಿಟ್ಟರು. "ಮೊದಲೇ ವಿಚಾರಿಸಬಾರದಿತ್ತೆ?" ಎಂದೆ. "ಪ್ರೈವೇಟ್ ಲಿಮಿಟೆಡ್ ಎಂದು ಬರೆದಿತ್ತಲ್ಲ ಮೇಷ್ಟ್ರೇ" ಎಂದರು.

ಬಂಧುಗಳೇ, ಆ ಎರಡು ಪದಕ್ಕೆ ಮರುಳಾಗುವುದನ್ನು ಇಂದೇ ಬಿಡಿ. ಲಿಮಿಟೆಡ್ ಎಂದರೆ ಗಟ್ಟಿ ಕುಳ ಎಂದಲ್ಲ. ಮಾಲೀಕನ ಜವಾಬ್ದಾರಿಗೆ ಮಿತಿ ಇದೆ ಎಂದು ಅರ್ಥ. ಕಂಪೆನಿ ಮುಳುಗಿದರೆ ಅವನ ಷೇರಿನ ಹಣ ಹೋದೀತು, ಬಂಗಲೆ ಸಾಮಾನ್ಯವಾಗಿ ಉಳಿದೀತು. ಪ್ರೈವೇಟ್ ಕಂಪೆನಿಗೆ ಕನಿಷ್ಠ 1 ಲಕ್ಷ ರೂಪಾಯಿ ಬಂಡವಾಳವಾದರೂ ಇರಬೇಕೆಂಬ ನಿಯಮವಿತ್ತು; 2015ರಲ್ಲಿ ಅದನ್ನೂ ತೆಗೆದುಹಾಕಿದರು. ಆದರೆ ಅಂಗಡಿಯವನ ಜವಾಬ್ದಾರಿಗೆ ಯಾವ ಮಿತಿ? ಅವನು ಮುಳುಗಿದರೆ ಮನೆಯ ಪಾತ್ರೆಯೂ ಹೋಗುತ್ತದೆ.

ಬ್ಯಾಂಕು ನಿಮಗೆ ಐವತ್ತು ಸಾವಿರ ಕೊಡಲು ಪಹಣಿ, ಜಾಮೀನು, ಮೂರು ವರ್ಷದ ಲೆಕ್ಕ ಕೇಳುತ್ತದೆ. ನೀವು ಕಂಪೆನಿಗೆ ಐದು ಲಕ್ಷದ ಮಾಲನ್ನು ಒಂದು ಫೋನ್ ಕರೆಯ ಮೇಲೆ ಉದ್ರಿ ಕೊಡುತ್ತೀರಿ! ಗಿರಣಿಯ ಕಾರ್ಮಿಕನೂ ಉದ್ರಿ ಕೊಡುವವನೇ. ತಿಂಗಳೆಲ್ಲ ದುಡಿದ ಮೇಲಲ್ಲವೆ ಅವನಿಗೆ ಕೂಲಿ? ಅಷ್ಟು ದಿನದ ಬೆವರು ಧಣಿಗೆ ಕೊಟ್ಟ ಸಾಲ.

ವಿಚಾರಿಸುವುದು ಹೇಗೆ? ಕೇಂದ್ರದ ಕಂಪೆನಿ ವ್ಯವಹಾರಗಳ ಇಲಾಖೆಯ ತಾಣದಲ್ಲಿ 100 ರೂಪಾಯಿ ಕಟ್ಟಿದರೆ ಒಂದು ಕಂಪೆನಿಯ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ನಾಲ್ಕು ಸಂಗತಿ ನೋಡಿ. ವರ್ಷದ ಲೆಕ್ಕ ಹೊತ್ತಿಗೆ ಸರಿಯಾಗಿ ಸಲ್ಲಿಸಿದ್ದಾರೆಯೇ? ಆಸ್ತಿ ಯಾವ ಬ್ಯಾಂಕಿಗೆ ಅಡಮಾನವಾಗಿದೆ? ಆಡಿಟರು ಏನಾದರೂ ತಕರಾರು ಬರೆದಿದ್ದಾರೆಯೇ, ನಡುವೆಯೇ ಬಿಟ್ಟು ಹೋಗಿದ್ದಾರೆಯೇ? ಮಾಲು ಕೊಟ್ಟವರ ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದೆಯೇ? ಆ ಬಾಕಿ ಎಷ್ಟು ವರ್ಷ ಹಳೆಯದು ಎಂದು ವಿಂಗಡಿಸಿ ತೋರಿಸಬೇಕೆಂಬ ನಿಯಮ 2021ರಿಂದ ಇದೆ.

ಅದು ಹೋದ ವರ್ಷದ ಸುದ್ದಿಯಾಯಿತು. ಈ ತಿಂಗಳ ಸುದ್ದಿ ಬೇಕೆ? ಜಿಎಸ್‌ಟಿ ತಾಣದಲ್ಲಿ ಕಂಪೆನಿಯ ನಂಬರು ಹಾಕಿದರೆ ರಿಟರ್ನು ಸಲ್ಲಿಸಿದೆಯೋ ಇಲ್ಲವೋ ಬಿಟ್ಟಿಯಾಗಿ ತಿಳಿಯುತ್ತದೆ. ಕಾರ್ಮಿಕರು ತಮ್ಮ ಭವಿಷ್ಯನಿಧಿ ಪಾಸ್‌ಬುಕ್ಕನ್ನು ತಿಂಗಳು ತಿಂಗಳೂ ತೆರೆದು ನೋಡಲಿ. ಸಂಬಳದಲ್ಲಿ ಮುರಿದ ಹಣ ನಿಧಿಗೆ ಸೇರಿಲ್ಲವೆಂದರೆ ಧಣಿಯ ಪೆಟ್ಟಿಗೆ ಬರಿದಾಗುತ್ತಿದೆ ಎಂದೇ ಅನುಮಾನಿಸಿ.

ದೊಡ್ಡ ಹೆಸರಿನವರನ್ನೂ ಬಿಡಬೇಡಿ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪೆನಿ 2005ರಲ್ಲಿ ಹಾರತೊಡಗಿತು, ಒಂದು ವರ್ಷವೂ ಲಾಭ ಕಾಣದೆ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು. ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗೆ ಬಂದರು. ಅದೇ ಬೆಂಗಳೂರಿನ ಬೈಜೂಸ್ 2021ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು 2022ರ ಸೆಪ್ಟೆಂಬರಿನಲ್ಲಿ ಹೊರಗಿಟ್ಟಿತು. ನಷ್ಟ 4,588 ಕೋಟಿ. 2023ರ ಜೂನಿನಲ್ಲಿ ಆಡಿಟರು ಕೈಬಿಟ್ಟರು. 2024ರ ಜುಲೈನಲ್ಲಿ ನ್ಯಾಯಮಂಡಳಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ಕೈಮರ ದಾರಿ ತೋರಿಸುತ್ತಲೇ ಇತ್ತು, ನೋಡುವ ಕಣ್ಣಿರಲಿಲ್ಲ.

"ಎಚ್ಚರ ತಪ್ಪಿದ್ದು ಅವರದೇ ತಪ್ಪು" ಎನ್ನುವ ಮಹನೀಯರು ಉಂಟು. ಅವರಿಗೆ ಕೇಳುತ್ತೇನೆ: ಎಚ್ಚರ ತಪ್ಪಿದವನಿಗೆ ಕಾನೂನು ಏನು ಕೊಟ್ಟಿದೆ? 2016ರ ದಿವಾಳಿ ಸಂಹಿತೆಯಲ್ಲಿ 1 ಲಕ್ಷ ರೂಪಾಯಿ ಬಾಕಿ ಇದ್ದವನೂ ನ್ಯಾಯಮಂಡಳಿಗೆ ಹೋಗಬಹುದಿತ್ತು. 2020ರ ಮಾರ್ಚಿನಲ್ಲಿ ಸರ್ಕಾರ ಆ ಮಿತಿಯನ್ನು 1 ಕೋಟಿಗೆ ಏರಿಸಿತು. ಕೋಟೆ ಪೇಟೆಯಲ್ಲಿ ಕೋಟಿ ಬಾಕಿ ಇರುವ ವರ್ತಕರು ಎಷ್ಟು ಮಂದಿ? ಸಾಲಗಾರರ ಸಮಿತಿಯಲ್ಲಿ ಓಟು ಬ್ಯಾಂಕುಗಳಿಗೆ, ಮಾಲು ಕೊಟ್ಟವನಿಗಿಲ್ಲ. ಆಸ್ತಿ ಮಾರಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನದ ಬ್ಯಾಂಕಿನ ಪಕ್ಕದಲ್ಲಿ ಜಾಗವಿದೆ, ಅದು ಹೋರಾಟದ ಫಲ. ವರ್ತಕನ ಬಾಕಿ ಸರ್ಕಾರದ ಪಾಲಿಗಿಂತಲೂ ಕೆಳಗೆ.

ಇನ್ನೂ ಒಂದು ನೋಡಿ. 2006ರ ಸಣ್ಣ ಉದ್ಯಮ ಕಾಯ್ದೆಯಂತೆ 45 ದಿನದೊಳಗೆ ಹಣ ಕೊಡದ ಕಂಪೆನಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಒಳ್ಳೆಯ ಕಾಯ್ದೆ. ಆದರೆ 2021ರ ಜುಲೈನಲ್ಲಿ ವರ್ತಕರನ್ನು ಸಣ್ಣ ಉದ್ಯಮಿಗಳೆಂದು ಕರೆದ ಸರ್ಕಾರ, ಅದರ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಎಂದು ಗೆರೆ ಎಳೆಯಿತು. ಅಂದರೆ ಸಾಲ ಮಾಡಲು ನೀವು ಉದ್ಯಮಿ. ಬರಬೇಕಾದ ಬಾಕಿ ಕೇಳಲು ಯಾರೂ ಅಲ್ಲ! ಇದಾವ ನ್ಯಾಯ?

ಒಬ್ಬೊಬ್ಬರೇ ಅಳುತ್ತ ಕೂತರೆ ಫಲವಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರನ್ನು ನೋಡಿ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಮಂಡಳಿಯಲ್ಲಿ ನೋಂದಾಯಿಸದ ವ್ಯಾಪಾರಿಗೆ ಆ ಕಟ್ಟೆಯಲ್ಲಿ ಕೂಗುವ ಹಕ್ಕಿಲ್ಲ. ದರದ ಜಗಳ ಇಂದಿಗೂ ಇದೆ. ಆದರೆ ಕೊಳ್ಳುವವನು ಯಾರು ಎಂದು ಕೇಳುವ ಒಂದು ಬಾಗಿಲಾದರೂ ಇದೆ. ಶುಂಠಿಗೆ ಆ ಬಾಗಿಲೆಲ್ಲಿ?

ವರ್ತಕರ ಸಂಘ, ಕಾರ್ಮಿಕ ಸಂಘ ಒಂದೊಂದು ಪುಸ್ತಕ ಇಡಲಿ. ಯಾವ ಕಂಪೆನಿ ಎಂದು ಹಣ ಕೊಟ್ಟಿತು, ಎಷ್ಟು ದಿನ ತಡಮಾಡಿತು ಎಂದು ರಸೀತಿ ನೋಡಿ ಬರೆಯಲಿ. 100 ರೂಪಾಯಿಯನ್ನು ಹತ್ತು ಜನ ಹಂಚಿಕೊಂಡರೆ ತಲೆಗೆ 10 ರೂಪಾಯಿ. ಓದಲು ಬಾರದ ಲೆಕ್ಕವನ್ನು ಓದಿ ಹೇಳಲು ಊರಲ್ಲಿ ಒಬ್ಬ ಮೇಷ್ಟರಾದರೂ ಸಿಕ್ಕಾರು. 1 ಕೋಟಿಯ ಮಿತಿ ಇಳಿಸಿ, 45 ದಿನದ ಹಕ್ಕನ್ನು ವರ್ತಕರಿಗೂ ಕೊಡಿ ಎಂದು ಎರಡೂ ಸಂಘ ಒಂದೇ ದನಿಯಲ್ಲಿ ಕೇಳಲಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಕೋಟೆಯಲ್ಲಿ ಬಾಗಿಲು ಮೊದಲೇ ಬೀಳಲಿ.