ಫ್ಯಾಕ್ಟ್‌ಚೆಕ್: ಐಎಫ್‌ಎಸ್‌ಸಿ ಕೋಡ್ ಹೇಳಿದರೆ ಖಾತೆಯ ಹಣ ಹೋಗುತ್ತದೆಯೇ?

‘ನಿಮ್ಮ ಬ್ಯಾಂಕ್ ವಿಲೀನವಾಗಿದೆ, ಕೋಡ್ ಬದಲಾಗಿದೆ, ಈ ಲಿಂಕ್ ಒತ್ತಿ’, ‘ಐಎಫ್‌ಎಸ್‌ಸಿ ಯಾರಿಗೂ ಹೇಳಬೇಡಿ’. ಇಂಥ ಸಂದೇಶಗಳನ್ನು ಫಾರ್ವರ್ಡ್ ಮಾಡುವ ಮುನ್ನ ಒಂದಿಷ್ಟು ತಿಳಿದುಕೊಳ್ಳೋಣ.

ಐಎಫ್‌ಎಸ್‌ಸಿ ಎಂದರೇನು?

ಇದು ಬ್ಯಾಂಕ್ ಶಾಖೆಯ ವಿಳಾಸ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯ ಗುರುತು. ರೋಣ, ನರಗುಂದ, ಗಜೇಂದ್ರಗಡದಲ್ಲಿ ಒಂದೇ ಬ್ಯಾಂಕಿನ ಶಾಖೆಗಳಿದ್ದರೆ ಮೊದಲ ಐದು ಒಂದೇ, ಕೊನೆಯ ಆರು ಬೇರೆ. ಐದನೆಯದನ್ನು ಇಂಗ್ಲಿಷಿನ ‘ಓ’ ಎಂದು ಬರೆಯುವುದು ಸಾಮಾನ್ಯ ತಪ್ಪು.

ಬ್ರಿಟನ್ನಿನಲ್ಲಿರುವವರು ಹೇಳುವ ‘ಸಾರ್ಟ್ ಕೋಡ್’ ಅಲ್ಲಿನ ಆರು ಅಂಕಿಯ ಇಂಥದ್ದೇ ಗುರುತು. ಚೆಕ್ಕಿನ ಕೆಳಭಾಗದಲ್ಲಿರುವ 9 ಅಂಕಿಯ ಎಂಐಸಿಆರ್ ಬೇರೆ. ಅದು ಚೆಕ್ ವಿಂಗಡಣೆಗೆ.

ಎಲ್ಲಿ ಸಿಗುತ್ತದೆ?

ಪಾಸ್‌ಬುಕ್ಕಿನ ಮೊದಲ ಪುಟ, ಚೆಕ್ ಹಾಳೆ, ಬ್ಯಾಂಕಿನ ಆ್ಯಪ್ ಮತ್ತು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ. ಎಲ್ಲರಿಗೂ ಕಾಣುವಂತೆ ಪ್ರಕಟವಾಗಿರುವ ಇದು ಗುಟ್ಟಲ್ಲ. ಕೇವಲ ಇದರಿಂದ ಯಾರೂ ನಿಮ್ಮ ಹಣ ತೆಗೆಯಲಾರರು. ಗುಟ್ಟಾಗಿಡಬೇಕಾದದ್ದು ಒಟಿಪಿ, ಪಿನ್ ಮತ್ತು ಕಾರ್ಡಿನ ಸಿವಿವಿ.

ವಿಲೀನವಾದರೆ ಕೋಡ್ ಬದಲಾಗುತ್ತದೆಯೇ?

ಬದಲಾಗಬಹುದು, ಆದರೆ ರಾತ್ರೋರಾತ್ರಿ ಅಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಕೋಡ್ ನಿಂತದ್ದು 2021ರ ಜುಲೈ 1ರಿಂದ. ನಡುವೆ 15 ತಿಂಗಳು. ನಮ್ಮ ಭಾಗದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿದೆ. ಹಾಗಾಗಿ ಹಳೆಯ ಪಾಸ್‌ಬುಕ್ ನೋಡಿ ಕೋಡ್ ಕೊಡುವ ಮುನ್ನ ಶಾಖೆಯಲ್ಲಿ ಒಮ್ಮೆ ಕೇಳಿ.

ಗೃಹಲಕ್ಷ್ಮಿ ಹಣ ನಿಲ್ಲುತ್ತದೆಯೇ?

ಗೃಹಲಕ್ಷ್ಮಿ, ಪಿಎಂ ಕಿಸಾನ್ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಅದಕ್ಕೆ ಶಾಖೆಯ ಕೋಡ್ ಬೇಕಿಲ್ಲ. ಆದರೆ ಹೆಸರು, ಉಳ್ಳಾಗಡ್ಡಿ ಮಾರಿದ ಹಣ ನೆಫ್ಟ್ ಮೂಲಕ ಬರುವುದಾದರೆ ವ್ಯಾಪಾರಿಗೆ ಸರಿಯಾದ ಕೋಡ್ ಕೊಡಲೇಬೇಕು.

ನೀವೇ ಹಣ ಕಳಿಸುವಾಗ

ಕೋಡಿಗಿಂತ ಖಾತೆ ಸಂಖ್ಯೆಯ ಮೇಲೆ ಹೆಚ್ಚು ಗಮನವಿರಲಿ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಅದನ್ನು ಬಳಸಿ.

ಕೊನೆಯ ಮಾತು

ಐಎಫ್‌ಎಸ್‌ಸಿ ಹೇಳುವುದರಿಂದ ಅಪಾಯವಿಲ್ಲ. ಅದರ ಹೆಸರಿನಲ್ಲಿ ಬರುವ ಲಿಂಕ್ ಒತ್ತುವುದರಿಂದ ಇದೆ. ಈಗಾಗಲೇ ಒತ್ತಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.